ಒಂದೇ ಟಿಸಿ ಮೂರು ಸಲ ಸುಟ್ಟಿತು: ಕರೆಂಟಿನ ಯೋಜನೆ, ನಿರ್ವಹಣೆ ಮಾಡುವವರಿಗೆ ಕೆಲವು ಹೆಜ್ಜೆಗಳು

ನಾನು ಹೊಸದಾಗಿ ವಿದ್ಯುತ್ ಕಂಪನಿಯ ಶಾಖೆಗೆ ಬಂದ ವರ್ಷದ ಬೇಸಿಗೆಯಲ್ಲಿ ಒಂದೇ ಊರಿನ ತೋಟದ ಸಾಲಿನಲ್ಲಿದ್ದ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್; ಕೆವಿಎ ಎಂದರೆ ಅದು ಹೊರಬಲ್ಲ ಲೋಡಿನ ಅಳತೆ) ಮೂರು ಸಲ ಸುಟ್ಟಿತು. ಮೂರು ಸಲವೂ ರೈತರು ಅದನ್ನು ಟ್ರ್ಯಾಕ್ಟರ್‌ಗೆ ಹೇರಿಕೊಂಡು ರಿಪೇರಿಗೆ ಒಯ್ದರು. ಮೂರು ಸಲವೂ ನಾವು ಅದೇ ಅಳತೆಯ ಇನ್ನೊಂದು ಟಿಸಿ ಕೂರಿಸಿ, ಫ್ಯೂಸ್ ಹಾಕಿ ಬಂದೆವು. ಕಡತದ ಪ್ರಕಾರ ಅದರ ಮೇಲಿದ್ದದ್ದು ತಲಾ 5 ಎಚ್‌ಪಿಯ 14 ಪಂಪ್‌ಸೆಟ್. ಲೆಕ್ಕ ಸರಿಯಾಗಿಯೇ ಇತ್ತು. ಬಾಳೆ, ಟೊಮೆಟೊ ಮಾತ್ರ ಒಣಗುತ್ತಿದ್ದವು.

ಮೂರನೆಯ ಸಲ ಸುಟ್ಟ ಮೇಲೆ ಹಿರಿಯ ಪವರ್‌ಮ್ಯಾನ್ ಒಬ್ಬರು ಕೇಳಿದರು: "ಸರ್, ಅದರ ಮೇಲೆ ಎಷ್ಟು ಆಂಪ್ಸ್ ಹೋಗ್ತಿದೆ ಅಂತ ಯಾರಾದ್ರೂ ಅಳೆದಿದ್ದೀರಾ?" ಯಾರೂ ಅಳೆದಿರಲಿಲ್ಲ. ವಿದ್ಯುತ್ ಯೋಜನೆಯ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದಕ್ಕೆಲ್ಲ ಅರ್ಥ ಬಂದದ್ದು ಆ ಪ್ರಶ್ನೆಯಿಂದ.

ಈಗಷ್ಟೇ ಕೆಲಸಕ್ಕೆ ಸೇರಿದ ಜೂನಿಯರ್ ಇಂಜಿನಿಯರ್‌ಗಳು, ಡಿಪ್ಲೊಮಾ ಓದುತ್ತಿರುವವರು, ತಮ್ಮೂರ ಟಿಸಿ ಪದೇಪದೇ ಯಾಕೆ ಸುಡುತ್ತದೆ ಎಂದು ತಿಳಿಯಬೇಕೆನ್ನುವ ರೈತರು ಮತ್ತು ಪಂಚಾಯ್ತಿ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದು ಟಿಸಿಗೆ ಅನ್ವಯಿಸುವ ತತ್ವವೇ ಇಡೀ ರಾಜ್ಯದ ಗ್ರಿಡ್‌ಗೂ ಅನ್ವಯಿಸುತ್ತದೆ: ಎಷ್ಟು ಕರೆಂಟು ಬೇಕು ಎಂದು ಕೇಳುವುದಕ್ಕಿಂತ ಮೊದಲು ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಬೇಕು ಎಂದು ಕೇಳಬೇಕು.

ಮೊದಲ ಹೆಜ್ಜೆ: ಕಡತ ಮುಚ್ಚಿ, ಟಾಂಗ್ ಟೆಸ್ಟರ್ ಹಿಡಿಯಿರಿ

ಟಾಂಗ್ ಟೆಸ್ಟರ್ ಎಂದರೆ ತಂತಿಯ ಸುತ್ತ ಇಕ್ಕಳದಂತೆ ಹಿಡಿದು ಆಂಪ್ಸ್ ಅಳೆಯುವ ಮೀಟರ್. ಅಳೆಯುವುದಕ್ಕೂ ಒಂದು ಹೊತ್ತಿದೆ. ಪಂಪ್‌ಸೆಟ್ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಸಾಲು) ಆದರೆ ತ್ರೀ ಫೇಸ್ ಬಂದು ಅರ್ಧ ಗಂಟೆಯಾದ ಮೇಲೆ ಹೋಗಿ. ಆ ಹೊತ್ತಿಗೆ ಎಲ್ಲ ಮೋಟರ್‌ಗಳೂ ಹತ್ತಿ, ಆರಂಭದ ಎಳೆತ ಇಳಿದು, ನಿಜವಾದ ಲೋಡ್ ನಿಂತಿರುತ್ತದೆ. ಊರೊಳಗಿನ ಟಿಸಿ ಆದರೆ ಸಂಜೆ ಏಳರಿಂದ ಎಂಟರ ನಡುವೆ ಅಳೆಯಿರಿ. ಫೆಬ್ರವರಿ–ಮಾರ್ಚಿನ ಒಂದು ಬಿಸಿಲಿನ ದಿನದ ಅಳತೆ ಮಳೆಗಾಲದ ಹತ್ತು ಅಳತೆಗಳಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಟಿಸಿಯಿಂದ ಹೊರಡುವ ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿಗಳಲ್ಲಿ ಮೂರೂ ಫೇಸಿನ ಆಂಪ್ಸ್ ಮತ್ತು ನ್ಯೂಟ್ರಲಿನ ಆಂಪ್ಸ್ ಬರೆದುಕೊಳ್ಳಿ. ಟಿಸಿ ಹತ್ತಿರದ ವೋಲ್ಟೇಜು ಎಷ್ಟು, ಸಾಲಿನ ಕಟ್ಟಕಡೆಯ ಮೋಟರಿನ ಸ್ಟಾರ್ಟರ್ ಹತ್ತಿರ ಎಷ್ಟು ಎಂದು ಒಂದೇ ಹೊತ್ತಿನಲ್ಲಿ ನೋಡಿ. ಇದಕ್ಕೆ ಇಬ್ಬರು ಬೇಕು, ಫೋನಿನಲ್ಲಿ ಮಾತಾಡಿಕೊಂಡು ಮಾಡಬಹುದು. ಈ ಕೆಲಸ ಅಧಿಕಾರ ಇರುವ ಸಿಬ್ಬಂದಿಯದು. ರೈತರು ಟಿಸಿ ಕಟ್ಟೆ ಹತ್ತಬಾರದು, ಅಳೆಯಿರಿ ಎಂದು ಲಿಖಿತವಾಗಿ ಕೇಳಿದರೆ ಸಾಕು.

ಆ ದಿನ ನಮಗೆ ಸಿಕ್ಕ ಅಂಕಿಗಳು ಇವು. ಆರ್ ಫೇಸಿನಲ್ಲಿ 138 ಆಂಪ್ಸ್, ವೈಯಲ್ಲಿ 131, ಬಿಯಲ್ಲಿ 119. ಟಿಸಿ ಹತ್ತಿರ 405 ವೋಲ್ಟ್, ಕೊನೆಯ ಬೋರ್‌ವೆಲ್ ಹತ್ತಿರ 328. ಒಂದು 63 ಕೆವಿಎ ಟಿಸಿ 433 ವೋಲ್ಟಿನ ಕಡೆ ಹೊರಬೇಕಾದದ್ದು 84 ಆಂಪ್ಸ್ ಮಾತ್ರ. (ಇವನ್ನು ಬಾಯಿಪಾಠ ಮಾಡಿಕೊಳ್ಳಿ: 25 ಕೆವಿಎಗೆ 33, 63ಕ್ಕೆ 84, 100ಕ್ಕೆ 133, 250ಕ್ಕೆ 333 ಆಂಪ್ಸ್.) ನಮ್ಮದು ಸುಮಾರು ಒಂದೂವರೆ ಪಟ್ಟು ಹೊತ್ತು ನಿಂತಿತ್ತು. ಸುರುಳಿಯ ಬಿಸಿ ಆಂಪ್ಸಿನ ವರ್ಗದಂತೆ ಏರುತ್ತದೆ. ಒಂದೂವರೆ ಪಟ್ಟು ಆಂಪ್ಸ್ ಎಂದರೆ ಎರಡೂಕಾಲು ಪಟ್ಟು ಬಿಸಿ. ಮಾರ್ಚಿನ ಬಿಸಿಲಿನಲ್ಲಿ, ದಿನಕ್ಕೆ ಏಳು ತಾಸು, ಯಾವ ಟಿಸಿ ತಾನೇ ತಾಳೀತು?

ಕಡತಕ್ಕೂ ಈ ಅಳತೆಗೂ ಇಷ್ಟು ದೂರ ಏಕೆ ಎಂದು ಮೋಟರಿನ ನಾಮಫಲಕ ನೋಡುತ್ತ ತೋಟದಿಂದ ತೋಟಕ್ಕೆ ನಡೆದೆವು. 14ರಲ್ಲಿ 6 ಮೋಟರ್‌ಗಳು 7.5 ಎಚ್‌ಪಿಯವು. ಅಂತರ್ಜಲ ಇಳಿದಂತೆ ರೈತ ಬೋರ್ ಆಳ ಮಾಡಿಸುತ್ತಾನೆ, ಆಳಕ್ಕೆ ತಕ್ಕ ಮೋಟರ್ ಇಳಿಸುತ್ತಾನೆ. ಅದು ಅವನ ಬದುಕಿನ ಅಗತ್ಯ. ಮಂಜೂರಾತಿ ಪತ್ರ ಮಾತ್ರ ಹಳೆಯ ಅಂಕಿಯಲ್ಲೇ ನಿಂತಿರುತ್ತದೆ. ಲೆಕ್ಕ ಹಾಕಿ ನೋಡಿ: 14 ಮೋಟರ್ ತಲಾ 5ರಂತೆ 70 ಎಚ್‌ಪಿ. ಎಚ್‌ಪಿಗೆ 746 ವ್ಯಾಟ್, ಮೋಟರಿನ ದಕ್ಷತೆ 0.8, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಎಂದುಕೊಂಡರೆ ಸುಮಾರು 82 ಕೆವಿಎ. ಎಲ್ಲವೂ ಒಟ್ಟಿಗೆ ಓಡುವುದಿಲ್ಲ ಎಂದು 0.7ರಿಂದ ಗುಣಿಸಿದರೆ 57. ಹಾಗಾಗಿ 63 ಕೆವಿಎ ಸಾಕು ಎಂದು ಹಿಂದಿನವರು ಹಾಕಿದ್ದರು. ವಾಸ್ತವದಲ್ಲಿ ಇದ್ದದ್ದು 85 ಎಚ್‌ಪಿ, ಅಂದರೆ ಸುಮಾರು 99 ಕೆವಿಎ. ಆ 0.7 ಎಂಬ ರಿಯಾಯಿತಿಯೂ ಅಲ್ಲಿ ಸುಳ್ಳಾಗಿತ್ತು. ಅದು ಏಕೆ ಎಂಬುದು ಮುಂದಿನ ಹೆಜ್ಜೆ.

ಎರಡನೆಯ ಹೆಜ್ಜೆ: ಹೊತ್ತಿನ ನಕ್ಷೆ ಬರೆಯಿರಿ

ಒಂದು ಹಾಳೆಯಲ್ಲಿ ಅಡ್ಡಕ್ಕೆ 24 ಗಂಟೆ, ಉದ್ದಕ್ಕೆ ಕಿಲೋವ್ಯಾಟ್ ಹಾಕಿ. ಫೀಡರಿಗೆ ಸಬ್‌ಸ್ಟೇಷನ್‌ನ ಲಾಗ್‌ಶೀಟ್‌ನಲ್ಲಿ ಗಂಟೆಗಂಟೆಯ ಆಂಪ್ಸ್ ಸಿಗುತ್ತದೆ, ಟಿಸಿಗೆ ಮೀಟರ್ ಇದ್ದರೆ ಅದರಲ್ಲಿ ತಿಂಗಳ ಗರಿಷ್ಠ ಬೇಡಿಕೆ ದಾಖಲಾಗಿರುತ್ತದೆ. ಊರಿನ ಫೀಡರ್ ಬೆಳಿಗ್ಗೆ ಒಂದು ಗುಡ್ಡ, ಸಂಜೆ ಇನ್ನೂ ಎತ್ತರದ ಗುಡ್ಡ ತೋರಿಸುತ್ತದೆ. ಪಂಪ್‌ಸೆಟ್ ಫೀಡರ್ ಗೋಡೆ ಕಟ್ಟಿದಂತೆ ನೇರವಾಗಿ ಮೇಲೆದ್ದು, ಪಾಳಿ ಮುಗಿದಾಗ ನೇರವಾಗಿ ಬೀಳುತ್ತದೆ.

ಈ ನಕ್ಷೆಯಿಂದ ಎರಡು ಅಂಕಿ ತೆಗೆಯಬೇಕು. ಒಂದು, ಲೋಡ್ ಫ್ಯಾಕ್ಟರ್: ಸರಾಸರಿ ಲೋಡನ್ನು ಗರಿಷ್ಠ ಲೋಡಿನಿಂದ ಭಾಗಿಸಿದ್ದು. ಫೀಡರೊಂದು 30 ದಿನದ ತಿಂಗಳಲ್ಲಿ 1,80,000 ಯೂನಿಟ್ ಬಳಸಿ, ಅದರ ಗರಿಷ್ಠ 500 ಕಿಲೋವ್ಯಾಟ್ ಇದ್ದರೆ, 720 ಗಂಟೆಯಿಂದ ಭಾಗಿಸಿದಾಗ ಸರಾಸರಿ 250, ಲೋಡ್ ಫ್ಯಾಕ್ಟರ್ 0.5. ಅಂದರೆ ನಾವು ಎಳೆದ ತಂತಿ, ಕೂರಿಸಿದ ಯಂತ್ರದ ಸಾಮರ್ಥ್ಯದಲ್ಲಿ ಅರ್ಧ ಖಾಲಿ ಕೂತಿದೆ. ಎಲ್ಲ ಖರ್ಚೂ ಗರಿಷ್ಠದ ಆ ಒಂದೆರಡು ತಾಸಿಗಾಗಿ.

ಇನ್ನೊಂದು, ಡೈವರ್ಸಿಟಿ. ನೂರು ಮನೆಗಳಲ್ಲಿ ತಲಾ 2 ಕಿಲೋವ್ಯಾಟ್ ಗೀಸರ್ ಇದ್ದರೂ ನೂರೂ ಒಂದೇ ನಿಮಿಷಕ್ಕೆ ಉರಿಯುವುದಿಲ್ಲ. ಒಬ್ಬರು ಐದಕ್ಕೆ ಏಳುತ್ತಾರೆ, ಇನ್ನೊಬ್ಬರು ಏಳಕ್ಕೆ. ಜನರ ಈ ಹಿಂದುಮುಂದೇ ವಿದ್ಯುತ್ ಜಾಲದ ಅತಿ ದೊಡ್ಡ ಉಳಿತಾಯ. ಪಂಪ್‌ಸೆಟ್ ಸಾಲಿನಲ್ಲಿ ಆ ಉಳಿತಾಯವನ್ನು ಅಳಿಸಿಹಾಕುವುದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣ 14 ಮೋಟರ್‌ಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ನೇರ ಸ್ಟಾರ್ಟರಿನ ಮೋಟರ್ ಏಳುವಾಗ ತನ್ನ ಪೂರ್ಣ ಲೋಡಿನ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ. ವೋಲ್ಟೇಜು ಕುಸಿಯುತ್ತದೆ, ಮೋಟರ್‌ಗಳು ಏಳಲಾರದೆ ಗುಂಯ್‌ಗುಡುತ್ತವೆ, ಫ್ಯೂಸ್ ಹಾರುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಹಾವು, ಚಿರತೆಗಳ ಭಯದಲ್ಲಿ ತೋಟಕ್ಕೆ ನಡೆದು ಹೋಗಿ ಗುಂಡಿ ಒತ್ತು ಎಂದು ರೈತನಿಗೆ ಹೇಳುವ ಹಕ್ಕು ನಮಗಿಲ್ಲ, ಅವನು ಆಟೋ ಹಾಕಿಸಿಕೊಂಡದ್ದು ಸರಿಯೇ.

ಹಾಗಾದರೆ ಮಾಡುವುದೇನು? ಆಟೋ ಸ್ಟಾರ್ಟರಿನಲ್ಲಿ ಟೈಮರ್ ಇರುತ್ತದೆ. ಮೊದಲ ಮೋಟರ್‌ಗೆ ಒಂದು ನಿಮಿಷ, ಎರಡನೆಯದಕ್ಕೆ ಎರಡು, ಹೀಗೆ ಬೇರೆಬೇರೆ ತಡ ಇಡಿಸಿ. ಇದರಿಂದ ಏಳುವ ಹೊತ್ತಿನ ಕುಸಿತ ನಿಲ್ಲುತ್ತದೆ, ಓಡುವ ಹೊತ್ತಿನ ಲೋಡ್ ಮಾತ್ರ ಹಾಗೇ ಉಳಿಯುತ್ತದೆ. ಅದಕ್ಕೂ ಪರಿಹಾರ ಬೇಕೆಂದರೆ ಏಳೇಳು ಮೋಟರಿನ ಎರಡು ಗುಂಪು ಮಾಡಿ ಪಾಳಿ ಹಂಚಿಕೊಳ್ಳಬೇಕು. ಟಿಸಿ ಉಳಿಯುತ್ತದೆ, ನೀರಿನ ಹೊತ್ತು ಅರ್ಧವಾಗುತ್ತದೆ. ರೈತರು ಒಪ್ಪುವುದು ಕಷ್ಟ, ಒಪ್ಪದಿರುವುದಕ್ಕೆ ಕಾರಣವೂ ಇದೆ. ಆದರೆ ವೋಲ್ಟೇಜು 328ರಿಂದ 390ಕ್ಕೆ ಏರಿದರೆ ಅದೇ ಬೋರ್ ಗಂಟೆಗೆ ಹೆಚ್ಚು ನೀರು ಎತ್ತುತ್ತದೆ ಎಂದು ಒಂದು ಬೋರಿನಲ್ಲಿ ತೋರಿಸಿಕೊಟ್ಟರೆ ಮಾತು ಮುಂದುವರಿಯುತ್ತದೆ. ಹೊಸ ಟಿಸಿ ಬರುವವರೆಗಿನ ಮೂರು ವಾರ ನಮ್ಮೂರಿನವರು ಹೀಗೇ ನಿಭಾಯಿಸಿದರು.

ತ್ರೀ ಫೇಸಿನ ಹೊತ್ತನ್ನು ಗೊತ್ತು ಮಾಡುವುದು ಯಾರು?

ಈ ಪ್ರಶ್ನೆ ಪ್ರತಿ ಗ್ರಾಮಸಭೆಯಲ್ಲೂ ಬರುತ್ತದೆ. ಉತ್ತರ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿದೆ. ಅಲ್ಲಿಯೂ ಬರೆಯುವುದು ನಾವು ಬರೆದಂಥದೇ ಹೊತ್ತಿನ ನಕ್ಷೆಯನ್ನು, ಆದರೆ ದಿನವನ್ನು 15 ನಿಮಿಷದ 96 ತುಂಡು ಮಾಡಿ.

ಕರೆಂಟನ್ನು ಅಕ್ಕಿಯಂತೆ ಚೀಲ ಕಟ್ಟಿ ಇಡಲಾಗದು. ಈ ಕ್ಷಣ ಬಳಸುವಷ್ಟನ್ನು ಈ ಕ್ಷಣವೇ ಹುಟ್ಟಿಸಬೇಕು. ತೂಕ ಸರಿಯಿದೆಯೇ ಎಂದು ತೋರಿಸುವ ಮುಳ್ಳೇ ಫ್ರೀಕ್ವೆನ್ಸಿ. ಅದು 50 ಹರ್ಟ್ಸ್ ಇರಬೇಕು. ನಮ್ಮ ದೇಶದ ನಿಯಮ ಅದನ್ನು 49.90ರಿಂದ 50.05ರ ನಡುವೆ ಇಟ್ಟುಕೊಳ್ಳಿ ಎನ್ನುತ್ತದೆ. ಬಳಕೆ ಹೆಚ್ಚಾದರೆ ದೇಶದ ಜನರೇಟರ್‌ಗಳೆಲ್ಲ ಒಟ್ಟಿಗೆ ಒಂದಿಷ್ಟು ನಿಧಾನವಾಗುತ್ತವೆ, ಮುಳ್ಳು ಇಳಿಯುತ್ತದೆ.

ರಾಯಚೂರಿನ ಉಷ್ಣ ಸ್ಥಾವರದಲ್ಲಿ 210 ಮೆಗಾವ್ಯಾಟಿನ ಏಳು ಮತ್ತು 250ರ ಒಂದು ಘಟಕ, ಒಟ್ಟು 1,720 ಮೆಗಾವ್ಯಾಟ್. ಕಲ್ಲಿದ್ದಲಿನ ಬಾಯ್ಲರ್ ಆರಿದರೆ ಮತ್ತೆ ಕಾಯಲು ಹಲವು ತಾಸು ಬೇಕು, ಹಾಗಾಗಿ ಅದನ್ನು ಒಂದೇ ಸಮನೆ ಓಡಿಸುತ್ತಾರೆ. ಶರಾವತಿಯಲ್ಲಿ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ, ಒಟ್ಟು 1,035. ನೀರಿನ ಬಾಗಿಲು ತೆರೆದರೆ ನಿಮಿಷಗಳಲ್ಲಿ ಲೋಡ್ ಹೊರುತ್ತವೆ. ಆದ್ದರಿಂದ ಲಿಂಗನಮಕ್ಕಿ ಜಲಾಶಯದ ನೀರನ್ನು ಸಂಜೆಯ ಗುಡ್ಡಕ್ಕೆಂದು ಜೋಪಾನ ಮಾಡುತ್ತಾರೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್. ಅದು ಸೂರ್ಯನ ಹೊತ್ತಿಗೆ ಬರುತ್ತದೆ, ಸೂರ್ಯನ ಹೊತ್ತಿಗೇ ಹೋಗುತ್ತದೆ. ಹಿಂದೆ ಮನೆಗಳು ಮಲಗಿದ ಮೇಲೆ ಉಳಿಯುತ್ತಿದ್ದ ಕರೆಂಟನ್ನು ಪಂಪ್‌ಸೆಟ್‌ಗೆ ಕೊಡುತ್ತಿದ್ದರು. ಸೋಲಾರ್ ಬೆಳೆದ ಮೇಲೆ ಉಳಿಕೆ ಹಗಲಿಗೆ ಬಂದಿದೆ, ಅದರೊಂದಿಗೆ ಪಂಪ್‌ಸೆಟ್ ಪಾಳಿಗಳೂ ಹಗಲಿಗೆ ಸರಿಯುತ್ತಿವೆ. 2024ರ ಮಾರ್ಚಿನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಅಂಥ ದಿನಗಳಲ್ಲಿ ಹೊತ್ತು ಸರಿಸುವುದು ಹೊಸ ಸ್ಥಾವರ ಕಟ್ಟಿದಷ್ಟೇ ಬೆಲೆಯ ಕೆಲಸ. ಹಗಲಿನಲ್ಲಿ ನೀರು ಹಾಯಿಸುವುದು ರೈತನ ಜೀವಕ್ಕೂ ಒಳ್ಳೆಯದು.

ತೂಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2012ರ ಜುಲೈ 30 ಮತ್ತು 31 ಸಾಕ್ಷಿ. ಮೊದಲ ದಿನ ಉತ್ತರದ ಗ್ರಿಡ್, ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಕುಸಿದು ಸುಮಾರು 60 ಕೋಟಿ ಜನರ ಪ್ರದೇಶ ಕತ್ತಲಾಯಿತು. ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ 400 ಕೆವಿ (ಒಂದು ಕೆವಿ ಎಂದರೆ ಸಾವಿರ ವೋಲ್ಟ್) ಲೈನ್ ಮಿತಿಮೀರಿದ ಲೋಡಿನಿಂದ ಟ್ರಿಪ್ ಆದದ್ದೇ ಎರಡೂ ದಿನ ಮೊದಲ ಕಿಡಿ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಡಿಸಿ ಕೊಂಡಿಗಳ (ಇವನ್ನು ಫ್ರೀಕ್ವೆನ್ಸಿಯ ಏರಿಳಿತ ದಾಟುವುದಿಲ್ಲ) ಮೂಲಕ ಮಾತ್ರ ಸೇರಿತ್ತು, ಆದ್ದರಿಂದ ನಮ್ಮಲ್ಲಿ ದೀಪ ಆರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಜೋಡಿಸಿದ ಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಯ ಗ್ರಿಡ್ ಆಯಿತು. ಈಗ ರಾಯಚೂರಿನ ಘಟಕವೊಂದು ನಿಂತರೆ ಪಂಜಾಬಿನ ಜನರೇಟರೂ ಒಂದಿಷ್ಟು ಹೆಗಲು ಕೊಡುತ್ತದೆ. ನಾವೂ ಹಾಗೆಯೇ ಕೊಡಬೇಕು.

ಮೂರನೆಯ ಹೆಜ್ಜೆ: ಐದು ವರ್ಷ ಮುಂದೆ ನೋಡಿ

ಲೋಡ್ ವರ್ಷಕ್ಕೆ ಶೇ. 6ರಂತೆ ಬೆಳೆದರೆ 12 ವರ್ಷದಲ್ಲಿ ಇಮ್ಮಡಿ (72ನ್ನು 6ರಿಂದ ಭಾಗಿಸಿ). ಆದರೆ ಸರಾಸರಿ ಬೆಳವಣಿಗೆ ದರವನ್ನು ಒಂದು ಊರಿಗೆ ಹೊದಿಸಬೇಡಿ. ಬೆಳೆಯುವುದು ಊರಿನ ಒಂದು ಮೂಲೆ ಮಾತ್ರ. ಯಾವ ಸರ್ವೆ ನಂಬರಿನಲ್ಲಿ ಲೇಔಟ್ ಆಗುತ್ತಿದೆ, ಎಲ್ಲಿ ಕಲ್ಯಾಣ ಮಂಟಪ ಏಳುತ್ತಿದೆ, ಎಲ್ಲಿ ಅಕ್ಕಿ ಗಿರಣಿ, ಐಸ್ ಫ್ಯಾಕ್ಟರಿ ಬರುತ್ತಿದೆ, ಎಲ್ಲಿ ಎಲೆಕ್ಟ್ರಿಕ್ ಆಟೋಗಳು ಚಾರ್ಜಿಗೆ ನಿಲ್ಲುತ್ತಿವೆ ಎಂದು ಪಂಚಾಯ್ತಿ ಕಚೇರಿಯಲ್ಲಿ, ಚಹಾ ಅಂಗಡಿಯಲ್ಲಿ, ಬೋರ್‌ವೆಲ್ ಲಾರಿಯವರ ಹತ್ತಿರ ವಿಚಾರಿಸಿ. ಬೋರ್‌ವೆಲ್ ಲಾರಿ ಒಂದು ಹೋಬಳಿಯಲ್ಲಿ ಎಷ್ಟು ದಿನ ನಿಂತಿತು, ಎಷ್ಟು ಅಡಿಗೆ ನೀರು ಸಿಕ್ಕಿತು ಎಂಬುದು ಪಂಪ್‌ಸೆಟ್ ಲೋಡಿನ ಬಗ್ಗೆ ನನಗೆ ಗೊತ್ತಿರುವ ಅತ್ಯುತ್ತಮ ಮುನ್ಸೂಚನೆ.

ನಾಲ್ಕನೆಯ ಹೆಜ್ಜೆ: ಟಿಸಿ ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲಿದೆ ಎಂದು ಕೇಳಿ

ನಮ್ಮ ಮೇಲಧಿಕಾರಿಗಳ ಮೊದಲ ಸಲಹೆ, 63 ತೆಗೆದು 100 ಕೆವಿಎ ಹಾಕಿ ಎಂಬುದು. ಟಿಸಿ ಸುಡುವುದು ನಿಲ್ಲುತ್ತಿತ್ತು, ಆದರೆ ಕೊನೆಯ ಬೋರಿನ 328 ವೋಲ್ಟ್ ಹಾಗೇ ಉಳಿಯುತ್ತಿತ್ತು. ಯಾಕೆಂದರೆ ಆ ಕುಸಿತ ಆಗುತ್ತಿದ್ದದ್ದು ತಂತಿಯಲ್ಲಿ. ಲೆಕ್ಕ ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ, ಮಾಡೋಣ.

ಟಿಸಿ ರಸ್ತೆಬದಿಯಲ್ಲಿತ್ತು, ಹೇರಲು ಇಳಿಸಲು ಸುಲಭ ಎಂದು. ಅಲ್ಲಿಂದ 800 ಮೀಟರ್ ದೂರದ ಆರು ಬೋರುಗಳಿಗೆ ವೀಸಲ್ ಎಂಬ ತೆಳು ಅಲ್ಯೂಮಿನಿಯಂ ತಂತಿಯಲ್ಲಿ 60 ಆಂಪ್ಸ್ ಹೋಗುತ್ತಿತ್ತು. ವೀಸಲ್ ತಂತಿಯ ಪ್ರತಿರೋಧ ಕಿಲೋಮೀಟರಿಗೆ ಸುಮಾರು 0.93 ಓಮ್. 800 ಮೀಟರಿಗೆ 0.74. ಪವರ್ ಫ್ಯಾಕ್ಟರ್, ತಂತಿಯ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿ ಒಡ್ಡುವ ಇನ್ನೊಂದು ಅಡ್ಡಿ) ಎರಡನ್ನೂ ಸೇರಿಸಿದರೆ ಫೇಸಿಗೆ 46 ವೋಲ್ಟ್, ಫೇಸ್ ಫೇಸ್ ನಡುವೆ ಸುಮಾರು 79 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ನಾವು ಅಳೆದದ್ದು 77. ಹಾಳೆಯ ಲೆಕ್ಕ ತೋಟದ ಮೀಟರಿಗೆ ಹೀಗೆ ಕೂಡಿ ಬಂದಾಗ ಆದ ಸಂತೋಷ ಇಂದಿಗೂ ನೆನಪಿದೆ. ಎಲ್‌ಟಿ ವೋಲ್ಟೇಜು ಶೇ. 6ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ನಿಯಮ. ಇಲ್ಲಿ ತಂತಿಯೊಂದರಲ್ಲೇ ಅದರ ಮೂರು ಪಟ್ಟು ಹೋಗುತ್ತಿತ್ತು.

ನಷ್ಟ ನೋಡಿ. ಆಂಪ್ಸಿನ ವರ್ಗ, ಪ್ರತಿರೋಧ, ಮೂರು ತಂತಿ: 60 × 60 × 0.74 × 3, ಅಂದರೆ ಸುಮಾರು 8 ಕಿಲೋವ್ಯಾಟ್. ದಿನಕ್ಕೆ ಏಳು ತಾಸಿಗೆ 56 ಯೂನಿಟ್, ಯಾರ ಹೊಲಕ್ಕೂ ಹನಿ ನೀರು ಕೊಡದೆ ಗಾಳಿಯನ್ನು ಬಿಸಿ ಮಾಡಲು ಹೋಗುತ್ತಿತ್ತು.

ಈಗ ಅದೇ ಕರೆಂಟನ್ನು 400ರ ಬದಲು 11,000 ವೋಲ್ಟಿನಲ್ಲಿ ಆ 800 ಮೀಟರ್ ಒಯ್ಯಿರಿ. 60 ಆಂಪ್ಸ್ ಇದ್ದದ್ದು 2.2 ಆಗುತ್ತದೆ. ಅದೇ ತಂತಿಯಲ್ಲಿ ನಷ್ಟ ಬರೀ 11 ವ್ಯಾಟ್! ಎಂಟು ಸಾವಿರ ಎಲ್ಲಿ, ಹನ್ನೊಂದು ಎಲ್ಲಿ. ಹೊಸ ಟಿಸಿಯ ಕಬ್ಬಿಣದ ನಷ್ಟ (ಲೋಡ್ ಇಲ್ಲದಿದ್ದರೂ ಅದರ ಕಬ್ಬಿಣದ ತಿರುಳಿನಲ್ಲಿ ಆಗುವ ನಷ್ಟ) ಬೇರೆ ಇದೆ, ಅದನ್ನು ಕೂಡಿಸಿದರೂ ಹೋಲಿಕೆಯಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಮುಟ್ಟಿಸಲು ಆದದ್ದು ಇದೇ ಗುಟ್ಟಿನಿಂದ: ದೂರ ಹೋಗುವಾಗ ವೋಲ್ಟೇಜು ಏರಿಸು, ಆಂಪ್ಸ್ ಇಳಿಸು, ಬಳಸುವ ಜಾಗದ ಹತ್ತಿರ ಬಂದ ಮೇಲೆ ವೋಲ್ಟೇಜು ಇಳಿಸು.

ಆದ್ದರಿಂದ ನೆನಪಿಡಬೇಕಾದ ಕ್ರಮ: ಲೋಡಿನ ನಡುಮಧ್ಯ ಹುಡುಕಿ, 11 ಕೆವಿಯನ್ನು ಅಲ್ಲಿಯವರೆಗೆ ಒಯ್ಯಿ, ದೊಡ್ಡ ಒಂದರ ಬದಲು ಚಿಕ್ಕವು ಎರಡು ಟಿಸಿ ಹಾಕಿ, ಎಲ್‌ಟಿ ಸಾಲು ಆದಷ್ಟು ಗಿಡ್ಡವಾಗಿರಲಿ. ಒಂದು ಟಿಸಿ ಕೆಟ್ಟರೂ ಅರ್ಧ ತೋಟ ಹಸಿರಾಗಿಯೇ ಇರುತ್ತದೆ.

ಐದನೆಯ ಹೆಜ್ಜೆ: ಇದ್ದದ್ದನ್ನು ಸರಿಮಾಡಿ

ಹಣ ಬರುವವರೆಗೂ ಮಾಡಬಹುದಾದದ್ದು ಬಹಳ ಇದೆ. ಮೋಟರಿಗೆ ಕೆಪ್ಯಾಸಿಟರ್ ಹಾಕಿಸಿ: 5 ಎಚ್‌ಪಿಗೆ 2 ಕೆವಿಎಆರ್ (ಕೆಪ್ಯಾಸಿಟರಿನ ಅಳತೆ), 7.5ಕ್ಕೆ 3, 10ಕ್ಕೆ 4. ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ಅದೇ ಕೆಲಸಕ್ಕೆ ಆಂಪ್ಸ್ ಶೇ. 16 ಇಳಿಯುತ್ತದೆ, ತಂತಿಯ ನಷ್ಟ ಶೇ. 29. ಕೆಪ್ಯಾಸಿಟರಿನಿಂದ ತನ್ನ ಬಿಲ್ಲು ಇಳಿಯುವುದಿಲ್ಲ ಎಂದು ರೈತ ಅದನ್ನು ಬಿಚ್ಚಿಡುತ್ತಾನೆ, 10 ಎಚ್‌ಪಿವರೆಗೆ ಅವನಿಗೆ ಬಿಲ್ಲೇ ಇಲ್ಲವಲ್ಲ. ಅವನಿಗೆ ವೋಲ್ಟೇಜಿನ ಲಾಭ ಹೇಳಿ. ಮೋಟರ್ ರೀವೈಂಡಿಂಗಿಗೆ ಎಷ್ಟು ಸಾವಿರ ತೆತ್ತೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಊರಿನ ಟಿಸಿಯಲ್ಲಿ ಮೂರೂ ಫೇಸ್ ಸರಿದೂಗಿಸಿ. ಹೊಸ ಮನೆಗೆ ಸರ್ವಿಸ್ ಕೊಡುವಾಗ ಏಣಿಗೆ ಹತ್ತಿರದ ತಂತಿಗೇ ಕೊಕ್ಕೆ ಹಾಕುವ ಅಭ್ಯಾಸದಿಂದ ಒಂದು ಫೇಸ್ ಭಾರವಾಗುತ್ತದೆ, ನ್ಯೂಟ್ರಲಿನಲ್ಲಿ ಆಂಪ್ಸ್ ಹರಿಯುತ್ತದೆ. ಆ ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಹಗುರ ಫೇಸಿನ ಮನೆಗಳಿಗೆ 230ರ ಜಾಗದಲ್ಲಿ 400ರ ಹತ್ತಿರದವರೆಗೂ ವೋಲ್ಟೇಜು ನುಗ್ಗುತ್ತದೆ. ಒಂದು ಬೀದಿಯ ಟಿವಿ, ಫ್ರಿಜ್ಜುಗಳೆಲ್ಲ ಒಂದೇ ರಾತ್ರಿ ಹೋದವು ಎಂದು ದೂರು ಬಂದರೆ ಮೊದಲು ನ್ಯೂಟ್ರಲ್ ನೋಡಿ.

ಟಿಸಿಯ ಆರೈಕೆ: ಎಣ್ಣೆಯ ಮಟ್ಟ, ಸೋರಿಕೆ, ಬ್ರೀದರಿನ (ಟಿಸಿ ಗಾಳಿ ಎಳೆದು ಬಿಡುವ ಕೊಳವೆಯ) ಸಿಲಿಕಾ ಜೆಲ್. ನೀಲಿ ಇದ್ದರೆ ಒಣಗಿದೆ, ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ, ಬದಲಿಸಿ. ಅರ್ಥಿಂಗ್ ಗುಂಡಿಗಳ ಅಳತೆಯನ್ನು ಮಳೆಗಾಲದಲ್ಲಿ ತೆಗೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಏಪ್ರಿಲ್‌ನಲ್ಲಿ ತೆಗೆಯಿರಿ. ನ್ಯೂಟ್ರಲಿಗೆ, ಟಿಸಿಯ ಮೈಗೆ, ಸಿಡಿಲು ತಡೆಯುವ ಅರೆಸ್ಟರಿಗೆ ಬೇರೆಬೇರೆ ಗುಂಡಿ ಇರಬೇಕು. ಫ್ಯೂಸ್ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿದ್ದರೆ ಅದನ್ನು ಆ ದಿನವೇ ತೆಗೆಸಿ. ಹತ್ತು ರೂಪಾಯಿಯ ತಂತಿ ಕರಗಬೇಕಾದ ಹೊತ್ತಿನಲ್ಲಿ ಕರಗದೆ ನಿಂತದ್ದರಿಂದಲೇ ನಮ್ಮ ಟಿಸಿ ಎರಡನೆಯ ಸಲ ಸುಟ್ಟಿದ್ದು.

ಆರನೆಯ ಹೆಜ್ಜೆ: ಒಂದು ಕೆಟ್ಟರೆ ಇನ್ನೊಂದು

ಸಬ್‌ಸ್ಟೇಷನ್‌ನಲ್ಲಿ 8 ಎಂವಿಎಯ (ಒಂದು ಎಂವಿಎ ಎಂದರೆ ಸಾವಿರ ಕೆವಿಎ) ಎರಡು ಟ್ರಾನ್ಸ್‌ಫಾರ್ಮರ್ ಇದ್ದರೆ ಅದು 16 ಎಂವಿಎಯ ಸಬ್‌ಸ್ಟೇಷನ್ ಅಲ್ಲ. ಒಂದು ಕೈಕೊಟ್ಟ ದಿನವೂ ನಂಬಬಹುದಾದದ್ದು 8 ಮಾತ್ರ. ಎರಡರ ಮೇಲೂ 7 ಹೊರಿಸಿ ನೆಮ್ಮದಿಯಾಗಿದ್ದವರು ಒಂದು ಟ್ರಿಪ್ಪಾದ ರಾತ್ರಿ 6 ಎಂವಿಎ ಊರುಗಳನ್ನು ಕತ್ತಲಲ್ಲಿಡಬೇಕಾಗುತ್ತದೆ. ಫೀಡರ್‌ಗಳಿಗೂ ಇದೇ ಮಾತು. ಅಕ್ಕಪಕ್ಕದ ಎರಡು ಫೀಡರ್‌ಗಳನ್ನು ತುದಿಯಲ್ಲಿ ಒಂದು ಜಿಓಎಸ್‌ನಿಂದ (ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸಿ ಜೋಡಿಸುವ ಸ್ವಿಚ್) ಸೇರಿಸಿ, ತೆರೆದಿಟ್ಟುಕೊಳ್ಳಿ. ಅದನ್ನು ವರ್ಷಕ್ಕೊಮ್ಮೆಯಾದರೂ ಮುಚ್ಚಿ ತೆರೆದು ನೋಡಿ, ತುಕ್ಕು ಹಿಡಿದ ಸ್ವಿಚ್ ಬೇಕಾದ ದಿನ ಕದಲುವುದಿಲ್ಲ.

ಏಳನೆಯ ಹೆಜ್ಜೆ: ಎಲ್‌ಸಿ

ಇಲ್ಲಿ ನಿಧಾನವಾಗಿ ಓದಿ. ಲೈನ್ ಮೇಲೆ ಕೆಲಸ ಮಾಡುವ ಮುನ್ನ ಲೈನ್ ಕ್ಲಿಯರ್ (ಎಲ್‌ಸಿ: ಲೈನ್ ಆಫ್ ಮಾಡಿಸಿ ಪಡೆಯುವ ಕೆಲಸದ ಅನುಮತಿ) ತೆಗೆದುಕೊಳ್ಳುವವರು ಯಾರೋ ಅವರೇ ಅದನ್ನು ವಾಪಸ್ ಕೊಡಬೇಕು. "ಎರಡರಿಂದ ಮೂರು ಗಂಟೆವರೆಗೆ ಆಫ್ ಮಾಡಿರಿ, ಮೂರಕ್ಕೆ ಹಾಕಿಬಿಡಿ" ಎಂಬ ಗಡಿಯಾರದ ಎಲ್‌ಸಿ ಎಂದೂ ಬೇಡ. ಗಡಿಯಾರಕ್ಕೆ ಕಂಬದ ಮೇಲಿರುವವನು ಕಾಣುವುದಿಲ್ಲ. ಎಲ್‌ಸಿ ನಂಬರ್ ಬರೆದುಕೊಳ್ಳಿ, ಜಿಓಎಸ್ ತೆರೆದದ್ದನ್ನು ಕಣ್ಣಾರೆ ನೋಡಿ, ಮೂರೂ ಬ್ಲೇಡು ಬಿಟ್ಟಿವೆಯೇ ನೋಡಿ. ಲೈನಿನಲ್ಲಿ ಕರೆಂಟು ಇಲ್ಲ ಎಂದು ಡಿಟೆಕ್ಟರಿನಿಂದ ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಹಾಕಿ. ಎರಡೂ ಬದಿ ಏಕೆಂದರೆ ಈಗ ಕರೆಂಟು ಮನೆಯ ಕಡೆಯಿಂದಲೂ ಬರುತ್ತದೆ. ತಪ್ಪಾಗಿ ಜೋಡಿಸಿದ ಜನರೇಟರ್ ಎಲ್‌ಟಿಯಿಂದ ಟಿಸಿಗೆ ನುಗ್ಗಿದರೆ ಆ ಟಿಸಿಯೇ ಅದನ್ನು 11 ಸಾವಿರ ವೋಲ್ಟಿಗೆ ಏರಿಸಿ ಕಂಬದ ಮೇಲಿರುವವನ ಕೈಗೆ ಕೊಡುತ್ತದೆ. ಮನೆಯಲ್ಲಿ, ಮಂಟಪದಲ್ಲಿ ಜನರೇಟರ್ ಇಟ್ಟುಕೊಂಡವರೇ, ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಓಡಿಸಬೇಡಿ. ಅಲ್ಲಿರುವವನು ಯಾರದೋ ಅಪ್ಪ, ಯಾರದೋ ಅಣ್ಣ.

ಎಂಟನೆಯ ಹೆಜ್ಜೆ: ಯೂನಿಟ್ಟಿನ ಲೆಕ್ಕ

ಸಬ್‌ಸ್ಟೇಷನ್‌ನಿಂದ ಫೀಡರಿಗೆ ಹೊರಟದ್ದು 1,00,000 ಯೂನಿಟ್, ಬಿಲ್ಲಾದದ್ದು 84,000 ಎಂದರೆ ನಷ್ಟ ಶೇ. 16. ಇದರಲ್ಲಿ ತಂತಿಯ ಬಿಸಿ ಎಷ್ಟು, ಕೆಟ್ಟ ಮೀಟರ್ ಎಷ್ಟು, ಕಳವು ಎಷ್ಟು ಎಂದು ಬಿಡಿಸಲು ಟಿಸಿವಾರು ಮೀಟರ್ ಬೇಕು. ಒಂದು ಎಚ್ಚರಿಕೆ: ಫೀಡರಿನ ರೀಡಿಂಗ್ ತಿಂಗಳ ಒಂದನೇ ತಾರೀಖಿನದು, ಮನೆಗಳ ರೀಡಿಂಗ್ ಒಂದರಿಂದ ಹದಿನೈದರವರೆಗೆ ಹರಡಿರುತ್ತದೆ. ಹಾಗಾಗಿ ಆ ತಿಂಗಳ ಬಿಲ್ಲಿನಲ್ಲಿ ಹಿಂದಿನ ತಿಂಗಳ ಬಳಕೆಯೇ ಹೆಚ್ಚು ಇರುತ್ತದೆ. ಬೇಸಿಗೆ ಏರುವ ತಿಂಗಳಲ್ಲಿ ಈ ಅಂತರವೇ ಇಲ್ಲದ ನಷ್ಟವನ್ನು ತೋರಿಸುತ್ತದೆ, ಮಳೆ ಶುರುವಾದ ತಿಂಗಳಲ್ಲಿ ಇದ್ದ ನಷ್ಟವನ್ನು ಮುಚ್ಚುತ್ತದೆ. ಒಂದು ತಿಂಗಳ ಅಂಕಿ ನೋಡಿ ಯಾರನ್ನೂ ಬೈಯಬೇಡಿ. ಹನ್ನೆರಡು ತಿಂಗಳು ಕೂಡಿಸಿ ನೋಡಿ.

ನಮ್ಮ ಆ ತೋಟಕ್ಕೆ 11 ಕೆವಿ ಸಾಲನ್ನು 800 ಮೀಟರ್ ಒಳಗೆ ಒಯ್ದು, ಆರು ಬೋರುಗಳ ನಡುವೆ ಇನ್ನೊಂದು 63 ಕೆವಿಎ ಟಿಸಿ ಕೂರಿಸಿದೆವು. ಹಳೆಯದರ ಮೇಲೆ ಎಂಟು ಮೋಟರ್ ಉಳಿದವು. ಮುಂದಿನ ಮಾರ್ಚಿನಲ್ಲಿ ಅದೇ ಪವರ್‌ಮ್ಯಾನ್ ಜೊತೆ ಹೋಗಿ, ತ್ರೀ ಫೇಸ್ ಬಂದು ಅರ್ಧ ಗಂಟೆ ಕಾದು ಅಳೆದೆ. ಹಳೆಯದರಲ್ಲಿ 74, 71, 66 ಆಂಪ್ಸ್. ಹೊಸದರಲ್ಲಿ 58, 55, 52. ಕೊನೆಯ ಬೋರಿನ ಸ್ಟಾರ್ಟರ್ ಹತ್ತಿರ 405 ವೋಲ್ಟ್. ಟಿಸಿಯ ರಿಜಿಸ್ಟರಿನಲ್ಲಿ ಇವನ್ನು ಬರೆದು, ಪಕ್ಕದ ಕಾಲಂನಲ್ಲಿ ಮುಂದಿನ ಅಳತೆಯ ದಿನವನ್ನೂ ಬರೆದಿಟ್ಟೆ: ಮತ್ತೊಂದು ಮಾರ್ಚಿನ ಎರಡನೇ ವಾರ, ಹಗಲಿನ ಪಾಳಿ, ತ್ರೀ ಫೇಸ್ ಬಂದ ಅರ್ಧ ಗಂಟೆಗೆ.